ಸೀಸ ಹೊಡೆಸಿದರೆ ಸಾಕೇ? ವಿಕಿರಣ ತಡೆಯುವ ಗೋಡೆಗಳು: ತಪ್ಪು ಕಲ್ಪನೆ ಮತ್ತು ವಾಸ್ತವ

ಎಕ್ಸ್‌ರೇ ಕೋಣೆ ಕಟ್ಟುವ ಜಾಗದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಒಂದೇ: “ಲೆಡ್ ಹೊಡೆಸಿಬಿಡಿ ಸಾರ್, ಆಮೇಲೆ ಯೋಚನೆ ಇಲ್ಲ.” ಡಾಕ್ಟರು ಹೀಗೆ ಹೇಳಿದ್ದಾರೆ, ಕಟ್ಟಡದ ಮಾಲೀಕರು ಹೇಳಿದ್ದಾರೆ, ಬಾಗಿಲು ಕೂರಿಸಲು ಬಂದ ಬಡಗಿಯೂ ಹೇಳಿದ್ದಾನೆ. ಆಸ್ಪತ್ರೆ, ಕಾರ್ಖಾನೆಗಳ ಸಿವಿಲ್ ಕೆಲಸ ನೋಡಿಕೊಳ್ಳುವ ನನಗೆ ಈ ಮಾತು ಕೇಳಿದಾಗಲೆಲ್ಲ ಕಳವಳವಾಗುತ್ತದೆ. ಸೋರುವ ಛಾವಣಿ ಮೊದಲ ಮಳೆಗೇ ಗುಟ್ಟು ಬಿಟ್ಟುಕೊಡುತ್ತದೆ. ವಿಕಿರಣ ಸೋರುವ ಗೋಡೆ ಹತ್ತು ವರ್ಷವಾದರೂ ಬಾಯಿ ಬಿಡುವುದಿಲ್ಲ. ಅದರ ಆಚೆ ಬೆಂಚಿನ ಮೇಲೆ ಟೋಕನ್ ಹಿಡಿದು ಕೂತ ಬಸುರಿ, ದಿನಕ್ಕೆ ಎಂಟು ಗಂಟೆ ಅದೇ ಗೋಡೆಗೆ ಬೆನ್ನು ಕೊಟ್ಟು ಬಿಲ್ಲು ಹಾಕುವ ಹುಡುಗಿ, ಕೆಳಗಿನ ಮಹಡಿಯ ಅಂಗಡಿಯವರು, ಇವರಾರಿಗೂ ಗೋಡೆಯೊಳಗೆ ಏನಿದೆಯೆಂದು ನೋಡುವ ದಾರಿಯಿಲ್ಲ. ಕಟ್ಟಿದವರು ತಿಳಿದು ಕಟ್ಟಿದ್ದಾರೆ ಎಂಬ ನಂಬಿಕೆಯ ಮೇಲೆ ಅವರು ಅಲ್ಲಿ ಕೂತಿರುತ್ತಾರೆ. ಕೆಲಸದ ಜಾಗದಲ್ಲಿ ಪದೇ ಪದೇ ಎದುರಾಗುವ ತಪ್ಪು ತಿಳಿವಳಿಕೆಗಳನ್ನು ಇಲ್ಲಿ ಒಂದೊಂದಾಗಿ ಬಿಡಿಸಿಟ್ಟಿದ್ದೇನೆ.

ತಪ್ಪು ಕಲ್ಪನೆ: “ವಿಕಿರಣ ತಡೆಯುವುದು ಸೀಸ ಒಂದೇ.”

ವಾಸ್ತವ: ಇಟ್ಟಿಗೆ, ಕಾಂಕ್ರೀಟು, ಕಬ್ಬಿಣ, ನೀರು, ಮಣ್ಣು, ಎಲ್ಲವೂ ತಡೆಯುತ್ತವೆ. ಎಷ್ಟು ದಪ್ಪ ಬೇಕು ಎನ್ನುವಲ್ಲಿ ವ್ಯತ್ಯಾಸ. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ 1983ರಲ್ಲಿ ಸ್ಥಾಪನೆಯಾದ ಎಇಆರ್‌ಬಿ, ಸಾಮಾನ್ಯ ಎಕ್ಸ್‌ರೇ ಕೋಣೆಗೆ ಕೊಟ್ಟ ಮಾರ್ಗಸೂಚಿಯಲ್ಲಿ ಮೊದಲು ಬರುವುದೇ ಇಟ್ಟಿಗೆ. ಯಂತ್ರದ ಕಿರಣ ನೇರವಾಗಿ ಬೀಳುವ ಗೋಡೆಗೆ 35 ಸೆಂ.ಮೀ ಇಟ್ಟಿಗೆ, ರೋಗಿಯ ಮೈಗೆ ತಾಗಿ ಚದುರಿದ ಕಿರಣ ಬೀಳುವ ಗೋಡೆಗಳಿಗೆ 23 ಸೆಂ.ಮೀ ಇಟ್ಟಿಗೆ. ಇಟ್ಟಿಗೆ ಕಟ್ಟಲಾಗದ ಬಾಗಿಲಿನಂಥ ಕಡೆ ಅದೇ 23 ಸೆಂ.ಮೀ ಇಟ್ಟಿಗೆಯ ಬದಲಿಗೆ 1.7 ಮಿ.ಮೀ ಸೀಸ.

ಈ ಕೊನೆಯ ಲೆಕ್ಕವನ್ನು ತೂಕಕ್ಕೆ ಹಾಕಿ ನೋಡಿ. ಒಂದು ಚದರ ಮೀಟರಿನಷ್ಟು 23 ಸೆಂ.ಮೀ ಇಟ್ಟಿಗೆ ಗೋಡೆ ಸುಮಾರು 400 ಕಿಲೋ ತೂಗುತ್ತದೆ. ಅಷ್ಟೇ ಅಗಲದ 1.7 ಮಿ.ಮೀ ಸೀಸ ತೂಗುವುದು 20 ಕಿಲೋಗೂ ತುಸು ಕಡಿಮೆ. 400 ಕಿಲೋ ಮಾಡುವ ಕೆಲಸವನ್ನು 20 ಕಿಲೋ ಮಾಡುತ್ತದೆ ಎಂದ ಮೇಲೆ ಸೀಸಕ್ಕೆ ಅಷ್ಟು ಹೆಸರು ಬಂದದ್ದರಲ್ಲಿ ಅಚ್ಚರಿಯಿಲ್ಲ. ಎಕ್ಸ್‌ರೇ ಯಂತ್ರದಿಂದ ಹೊರಡುವ ಕಿರಣಗಳ ಶಕ್ತಿ ಕಡಿಮೆ. ಅಂಥ ಕಿರಣಗಳನ್ನು ಪರಮಾಣು ಸಂಖ್ಯೆ ಹೆಚ್ಚಿರುವ ಧಾತುಗಳು ಇಡಿಯಾಗಿ ನುಂಗಿಬಿಡುತ್ತವೆ. ಸೀಸದ ಪರಮಾಣು ಸಂಖ್ಯೆ 82. ಇಟ್ಟಿಗೆಯಲ್ಲಿರುವ ಸಿಲಿಕಾನಿನದು 14, ಆಮ್ಲಜನಕದ್ದು 8.

ಈಗ ಕ್ಯಾನ್ಸರ್ ಚಿಕಿತ್ಸೆಯ ಕೋಬಾಲ್ಟ್-60ಕ್ಕೆ ಬನ್ನಿ. ಅದರ ಗಾಮಾ ಕಿರಣಗಳನ್ನು ಅರ್ಧಕ್ಕೆ ಇಳಿಸಲು 12 ಮಿ.ಮೀ ಸೀಸ ಬೇಕು, ಇಲ್ಲವೇ ಸುಮಾರು 62 ಮಿ.ಮೀ ಕಾಂಕ್ರೀಟು. ತೂಕ ಹಾಕಿದರೆ ಸೀಸ ಚದರ ಮೀಟರಿಗೆ 136 ಕಿಲೋ, ಕಾಂಕ್ರೀಟು 146 ಕಿಲೋ. ಹೆಚ್ಚುಕಡಿಮೆ ಒಂದೇ! ಕಿರಣದ ಶಕ್ತಿ ಏರಿದಾಗ ಧಾತು ಯಾವುದೆಂಬುದು ಹಿಂದೆ ಸರಿದು, ದಾರಿಯಲ್ಲಿ ಎಷ್ಟು ದ್ರವ್ಯವಿದೆ ಎಂಬುದೇ ಮುಂದೆ ಬರುತ್ತದೆ. ಆ ಕೆಲಸಕ್ಕೆ ಕಾಂಕ್ರೀಟು ಅಗ್ಗ, ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ.

ಈ ವ್ಯತ್ಯಾಸ ತಿಳಿಯದಿದ್ದರೆ ಆಗುವ ಅನಾಹುತಕ್ಕೆ ಕಾರ್ಖಾನೆಗಳಲ್ಲಿ ಉದಾಹರಣೆ ಸಿಗುತ್ತದೆ. ಪೈಪುಗಳ ವೆಲ್ಡಿಂಗ್ ಪರೀಕ್ಷಿಸುವವರು ಇರಿಡಿಯಂ-192 ಎಂಬ ವಿಕಿರಣ ಮೂಲ ಬಳಸುತ್ತಾರೆ. ಎಕ್ಸ್‌ರೇ ಕೋಣೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ತಡೆಯುವ ಅರ್ಧ ಮಿಲಿಮೀಟರಿನ ಸೀಸದ ಏಪ್ರನ್ ಈ ಇರಿಡಿಯಂ ಎದುರು ನೂರಕ್ಕೆ ಆರೇಳು ಪಾಲು ಮಾತ್ರ ತಡೆಯುತ್ತದೆ. ಎರಡು ಮಿಲಿಮೀಟರಿನ ತಗಡು ತಡೆಯುವುದು ಸುಮಾರು ಐದರಲ್ಲೊಂದು ಪಾಲು. ಏಪ್ರನ್ ತೊಟ್ಟೆನೆಂಬ ಧೈರ್ಯದಲ್ಲಿ ಹತ್ತಿರ ಹೋಗುವ ಹುಡುಗ ಬರಿಮೈಯವನಿಗಿಂತ ಹೆಚ್ಚು ಅಪಾಯದಲ್ಲಿರುತ್ತಾನೆ.

ಬರೀ ಮಣ್ಣು ಕಲ್ಲು ಎಷ್ಟು ತಡೆಯಬಲ್ಲವು ಎಂಬುದಕ್ಕೆ ನಮ್ಮದೇ ಕೋಲಾರ ಚಿನ್ನದ ಗಣಿ ಸಾಕ್ಷಿ. ಆಕಾಶದಿಂದ ಸುರಿಯುವ ಕಾಸ್ಮಿಕ್ ಕಿರಣಗಳ ಗದ್ದಲದಿಂದ ತಪ್ಪಿಸಿಕೊಳ್ಳಲು ವಿಜ್ಞಾನಿಗಳು ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿ.ಮೀ ಆಳಕ್ಕೆ ಇಳಿದರು. ತಲೆಯ ಮೇಲಿನ ಬಂಡೆಯೇ ಅವರ ಗೋಡೆ. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಅಲ್ಲಿ ಸಿಕ್ಕಿದ್ದು 1965ರಲ್ಲಿ.

ತಪ್ಪು ಕಲ್ಪನೆ: “ಒಂಬತ್ತಿಂಚಿನ ಗೋಡೆ ಇದ್ದರೆ ಸಾಕು, ಯಾವ ಇಟ್ಟಿಗೆಯಾದರೇನು?”

ವಾಸ್ತವ: ಇವತ್ತಿನ ದಿನಗಳಲ್ಲಿ ನನ್ನನ್ನು ಹೆಚ್ಚು ಕಾಡುವ ತಪ್ಪು ಇದು. ಮಾರ್ಗಸೂಚಿ 23 ಸೆಂ.ಮೀ ಇಟ್ಟಿಗೆ ಎನ್ನುವಾಗ ಅದರ ಮನಸ್ಸಿನಲ್ಲಿರುವುದು ಚೆನ್ನಾಗಿ ಸುಟ್ಟ, ಗಟ್ಟಿಯಾದ ಮಣ್ಣಿನ ಇಟ್ಟಿಗೆ. ಅದರ ಸಾಂದ್ರತೆ ಘನ ಮೀಟರಿಗೆ 1600ರಿಂದ 1900 ಕಿಲೋ. ಬೆಂಗಳೂರಿನಿಂದ ಹಿಡಿದು ತಾಲ್ಲೂಕು ಕೇಂದ್ರಗಳವರೆಗೆ ಈಗ ಎದ್ದು ನಿಲ್ಲುತ್ತಿರುವ ಕಟ್ಟಡಗಳಲ್ಲಿ ಬಳಸುವ ಹಗುರವಾದ ಬಿಳಿ ಎಎಸಿ ಬ್ಲಾಕು ತೂಗುವುದು ಘನ ಮೀಟರಿಗೆ ಸುಮಾರು 600 ಕಿಲೋ. ಟೇಪು ಹಿಡಿದು ಅಳೆದರೆ ಅದೂ ಒಂಬತ್ತಿಂಚೇ. ಕಿರಣದ ಲೆಕ್ಕದಲ್ಲಿ ಮಾತ್ರ ಮೂರಿಂಚಿನ ಇಟ್ಟಿಗೆ ಗೋಡೆ. ಒಳಗೆ ಪೊಳ್ಳಿರುವ ಹಾಲೋ ಬ್ಲಾಕಿನ ಕಥೆ ಇನ್ನೂ ಕೆಟ್ಟದ್ದು. ಪೊಳ್ಳು ಇರುವಲ್ಲಿ ಕಿರಣಕ್ಕೆ ಅಡ್ಡ ಸಿಗುವುದು ಬ್ಲಾಕಿನ ಎರಡು ತೆಳು ಕೆನ್ನೆಗಳು ಮಾತ್ರ. ಅಂಥ ಗೋಡೆಯಲ್ಲಿ ಪ್ಲಾಸ್ಟರ್ ಆದ ಮೇಲೆ ಯಾರೂ ಏನನ್ನೂ ಗುರುತಿಸಲಾರರು.

ಹಳೆಯ ಸೈಜುಗಲ್ಲಿನ ಕಟ್ಟಡ ಸಿಕ್ಕರೆ ನನಗೆ ಸಂತೋಷ. ನಮ್ಮ ಗ್ರಾನೈಟ್ ಕಲ್ಲು ಕಾಂಕ್ರೀಟಿಗಿಂತಲೂ ಭಾರ, ಘನ ಮೀಟರಿಗೆ 2600 ಕಿಲೋ ದಾಟುತ್ತದೆ. ಕರಾವಳಿಯ ಮುರಕಲ್ಲಿನ ಮೈತುಂಬ ರಂಧ್ರ. ಒಂದು ಕ್ವಾರಿಯ ಕಲ್ಲಿನಂತೆ ಇನ್ನೊಂದರದು ಇರುವುದಿಲ್ಲ. ಹಾಗಾಗಿ ನಾಲ್ಕಾರು ಕಲ್ಲು ತೂಗಿ ನೋಡದೆ ಲೆಕ್ಕ ಬರೆಯಬಾರದು. ಯಾವ ಕಲ್ಲೇ ಇರಲಿ, ಯಾವ ಇಟ್ಟಿಗೆಯೇ ಇರಲಿ, ಸಂದುಗಳಲ್ಲಿ ಗಾರೆ ಪೂರ್ತಿ ತುಂಬಿರಬೇಕು. ಇಟ್ಟಿಗೆಯ ನಡುವಿನ ನೆಟ್ಟನೆಯ ಸಂದಿಗೆ ಮುಂದೆ ಹಿಂದೆ ಮಾತ್ರ ಗಾರೆ ಮೆತ್ತಿ ಒಳಗೆ ಖಾಲಿ ಬಿಡುವ ಅಭ್ಯಾಸ ಬಹಳ ಮೇಸ್ತ್ರಿಗಳಿಗಿದೆ. ಮನೆಗೋಡೆಯಲ್ಲಿ ಅದು ನಡೆದುಹೋಗುತ್ತದೆ. ಇಲ್ಲಿ ನಡೆಯದು. ಎಕ್ಸ್‌ರೇ ಕೋಣೆಯ ಗೋಡೆ ಏಳುವಾಗ ನಾನು ಪಕ್ಕದಲ್ಲೇ ನಿಂತಿರುತ್ತೇನೆ.

ತಪ್ಪು ಕಲ್ಪನೆ: “ಗೋಡೆ ತುಂಬ ತಗಡು ಅಂಟಿಸಿದ್ದೇವೆ, ಕೆಲಸ ಮುಗಿಯಿತು.”

ವಾಸ್ತವ: ತಗಡು ಅಂಟಿಸುವುದು ಕೆಲಸದ ಸುಲಭವಾದ ಭಾಗ. ಕಷ್ಟವೆಲ್ಲ ಇರುವುದು ತಗಡು ಮುಗಿಯುವ ಕಡೆ, ಕತ್ತರಿಸಬೇಕಾದ ಕಡೆ, ಬಾಗಿಲಿಗೆ ಸೇರುವ ಕಡೆ.

ಸೀಸ ಮೆತ್ತನೆಯ ಲೋಹ. ಎರಡು ಮಿಲಿಮೀಟರ್ ದಪ್ಪದ, ಏಳಡಿ ಉದ್ದ ನಾಲ್ಕಡಿ ಅಗಲದ ಒಂದು ತಗಡು ಸುಮಾರು 60 ಕಿಲೋ ತೂಗುತ್ತದೆ. ಬರೀ ಮೊಳೆಗೆ ತೂಗುಹಾಕಿದರೆ ತನ್ನ ಭಾರಕ್ಕೆ ತಾನೇ ವರ್ಷಗಟ್ಟಲೆ ನಿಧಾನವಾಗಿ ಜಗ್ಗುತ್ತ ಕೆಳಗಿಳಿಯುತ್ತದೆ. ಮೊಳೆಯ ಸುತ್ತ ತೂತು ದೊಡ್ಡದಾಗುತ್ತದೆ, ಮೇಲೊಂದು ಬರಿಗೆರೆ ತೆರೆದುಕೊಳ್ಳುತ್ತದೆ. ಅದನ್ನು ತಪ್ಪಿಸಲು ಪ್ಲೈವುಡ್ಡಿಗೋ ಜಿಪ್ಸಂ ಹಲಗೆಗೋ ಪೂರ್ತಿ ಅಂಟಿಸಿದ ತಗಡನ್ನೇ ಗೋಡೆಗೆ ಕೂರಿಸುತ್ತಾರೆ. ಎರಡು ತಗಡು ಕೂಡುವಲ್ಲಿ ಅಂಚಿಗೆ ಅಂಚು ತಾಗಿಸಿ ನಿಲ್ಲಿಸಿದರೆ ಆಗದು. ಒಂದರ ಮೇಲೊಂದು ಕನಿಷ್ಠ ಒಂದು ಸೆಂಟಿಮೀಟರ್ ಹಾಯಬೇಕು, ಅಥವಾ ಸಂದಿಯ ಹಿಂದೆ ಸೀಸದ ಪಟ್ಟಿ ಬರಬೇಕು. ಸೀಸ ಮುಗಿದು ಇಟ್ಟಿಗೆ ಶುರುವಾಗುವ ಜಾಗಕ್ಕೂ ಇದೇ ನಿಯಮ.

ಸ್ಕ್ರೂ ಹೊಡೆದ ತೂತುಗಳ ಬಗ್ಗೆ ಜನ ಬಹಳ ಹೆದರುತ್ತಾರೆ. ಆ ಹೆದರಿಕೆಗೆ ಅಷ್ಟು ಆಧಾರವಿಲ್ಲ. ಸೀಸ ಬಿಟ್ಟುಕೊಟ್ಟ ಜಾಗವನ್ನು ಉದ್ದನೆಯ ಉಕ್ಕಿನ ಸ್ಕ್ರೂ ತುಂಬಿಕೊಂಡಿರುತ್ತದೆ, ಅದರ ಉದ್ದವೇ ಕಿರಣಕ್ಕೆ ಅಡ್ಡವಾಗುತ್ತದೆ. ಸ್ಕ್ರೂ ಬಿಚ್ಚಿ ಹಾಗೇ ಬಿಟ್ಟ ಖಾಲಿ ತೂತಿಗೆ ಹೆದರಬೇಕು. ಗೋಡೆಯೊಳಗೆ ಕೂರಿಸಿದ ಸ್ವಿಚ್ ಬಾಕ್ಸಿಗೆ ಹೆದರಬೇಕು. ನಾಲ್ಕಿಂಚು ಕೊರೆದು ಪ್ಲಾಸ್ಟಿಕ್ ಡಬ್ಬಿ ಇಟ್ಟಲ್ಲಿ ಒಂಬತ್ತಿಂಚಿನ ಗೋಡೆ ಐದಿಂಚಾಗುತ್ತದೆ. ಆಚೆ ಬದಿಯಲ್ಲೂ ಅದೇ ಎತ್ತರಕ್ಕೆ ಇನ್ನೊಂದು ಡಬ್ಬಿ ಬಂದರೆ ನಡುವೆ ಉಳಿಯುವುದು ಒಂದಿಂಚು. ಡಬ್ಬಿಯ ಹಿಂದೆ ಸೀಸ ಸುತ್ತಿಸಬೇಕು, ಎದುರುಬದುರು ಡಬ್ಬಿ ಬರದಂತೆ ಎಲೆಕ್ಟ್ರಿಷಿಯನ್ನಿಗೆ ಮೊದಲೇ ಗೆರೆ ಹಾಕಿಕೊಡಬೇಕು.

ಬಾಗಿಲು ಇನ್ನೊಂದು ತಲೆನೋವು. ಬಾಗಿಲಿನ ರೆಕ್ಕೆಯೊಳಗೆ ಸೀಸ ಇರುತ್ತದೆ, ಚೌಕಟ್ಟಿನಲ್ಲಿ ಇರುವುದಿಲ್ಲ. ಮರದ ಚೌಕಟ್ಟು ಎಕ್ಸ್‌ರೇಗೆ ಇದ್ದೂ ಇಲ್ಲದಂತೆ. ಸೀಸ ಚೌಕಟ್ಟನ್ನೂ ಹೊದ್ದು, ಅದರ ಹಿಂದಿನ ಇಟ್ಟಿಗೆಯ ಮೇಲೂ ಹಾಯಬೇಕು. ಜಾರುಬಾಗಿಲಾದರೆ ಅದು ತೆರಪಿಗಿಂತ ಎರಡೂ ಬದಿ ಅಗಲವಾಗಿರಬೇಕು, ಗೋಡೆಗೆ ಒತ್ತಿಕೊಂಡು ಓಡಬೇಕು. ಇಷ್ಟು ಭಾರದ ಬಾಗಿಲಿಗೆ ಸಾಮಾನ್ಯ ಹಿಂಜು ಹಾಕಿದರೆ ವರ್ಷ ತುಂಬುವುದರೊಳಗೆ ರೆಕ್ಕೆ ಇಳಿದು ಮೂಲೆಯಲ್ಲಿ ಸಂದಿ ಬೀಳುತ್ತದೆ. ಕಿಟಕಿ, ಗಾಳಿಕಿಂಡಿಗಳು ಬೇಕೇ ಬೇಕೆಂದರೆ ಅವು ಹೊರಗಿನ ನೆಲಮಟ್ಟದಿಂದ ಎರಡು ಮೀಟರಿಗಿಂತ ಮೇಲಿರಬೇಕು. ಆಗ ಅವುಗಳಿಂದ ಹೊರಬಿದ್ದ ಕಿರಣ ನಡೆದುಹೋಗುವವರ ತಲೆಯ ಮೇಲಿಂದ ಹಾಯುತ್ತದೆ.

ತಪ್ಪು ಕಲ್ಪನೆ: “ಗೋಡೆ ವಿಕಿರಣ ಹೀರಿ ಹೀರಿ ತುಂಬಿಕೊಳ್ಳುತ್ತದೆ, ಹಳೆಯ ಸೀಸವನ್ನು ಬದಲಿಸಬೇಕು.”

ವಾಸ್ತವ: ಎಕ್ಸ್‌ರೇ ಯಂತ್ರದ ಗುಂಡಿ ಬಿಟ್ಟ ಕ್ಷಣ ಕಿರಣ ನಿಲ್ಲುತ್ತದೆ. ದೀಪ ಆರಿಸಿದ ಮೇಲೆ ಗೋಡೆ ಬೆಳಕು ಚೆಲ್ಲುವುದುಂಟೇ? ಗೋಡೆ ನುಂಗಿದ ಎಕ್ಸ್‌ರೇ ಅಳೆಯಲೂ ಆಗದಷ್ಟು ಅಲ್ಪ ಬಿಸಿಯಾಗಿ ಕಳೆದುಹೋಗುತ್ತದೆ. ಸೀಸ ತುಂಬುವುದಿಲ್ಲ, ದಣಿಯುವುದಿಲ್ಲ, ತಾನೇ ವಿಕಿರಣ ಸೂಸುವುದಿಲ್ಲ. ಜಗ್ಗದೆ, ಹರಿಯದೆ ಇದ್ದರೆ ಐವತ್ತು ವರ್ಷದ ತಗಡು ಇಂದಿನ ತಗಡಿನಷ್ಟೇ ಚೆನ್ನ. ಇಟಲಿಯ ಗ್ರಾನ್ ಸಾಸೋ ಪರ್ವತದಡಿಯ ಪ್ರಯೋಗಾಲಯದವರಂತೂ ಹಳೆಯ ಸೀಸವನ್ನೇ ಹುಡುಕಿಕೊಂಡು ಹೋದರು. ಹೊಸದಾಗಿ ಕರಗಿಸಿದ ಸೀಸದಲ್ಲಿ ಸೀಸ-210 ಎಂಬ ವಿಕಿರಣಶೀಲ ಅಂಶ ತುಸು ಉಳಿದಿರುತ್ತದೆ, 22 ವರ್ಷಕ್ಕೊಮ್ಮೆ ಅದು ಅರ್ಧವಾಗುತ್ತದೆ. ಸಾರ್ಡೀನಿಯದ ಕಡಲಲ್ಲಿ ಎರಡು ಸಾವಿರ ವರ್ಷ ಮುಳುಗಿದ್ದ ರೋಮನ್ ಹಡಗಿನ ಸೀಸದಲ್ಲಿ ಅದು ಪೂರ್ತಿ ಸವೆದಿತ್ತು. 2010ರಲ್ಲಿ ಆ ಸೀಸದ 120 ಗಟ್ಟಿಗಳು ಅತಿ ಸೂಕ್ಷ್ಮ ಅಳತೆಯ ಉಪಕರಣಕ್ಕೆ ಕವಚವಾಗಲು ಆ ಪ್ರಯೋಗಾಲಯ ಸೇರಿದವು.

ತಪ್ಪು ಕಲ್ಪನೆ: “ದಪ್ಪ ಇದ್ದಷ್ಟೂ ಒಳ್ಳೆಯದು. ಎರಡು ಬೇಕಾದರೆ ನಾಲ್ಕು ಹಾಕಿ.”

ವಾಸ್ತವ: ಯಾವ ಗೋಡೆಯೂ ಕಿರಣವನ್ನು ಸೊನ್ನೆಗೆ ಇಳಿಸುವುದಿಲ್ಲ, ಅರ್ಧ ಅರ್ಧ ಮಾಡುತ್ತ ಹೋಗುತ್ತದೆ. 100 ಕಿಲೋವೋಲ್ಟಿನ ಎಕ್ಸ್‌ರೇಯನ್ನು 0.27 ಮಿ.ಮೀ ಸೀಸ ಅರ್ಧಕ್ಕಿಳಿಸುತ್ತದೆ, ಇನ್ನೊಂದು 0.27 ಕಾಲಿಗೆ. ಹತ್ತು ಸಲ ಅರ್ಧವಾದರೆ ಸಾವಿರದಲ್ಲೊಂದು ಪಾಲು ಉಳಿಯುತ್ತದೆ. ಎಷ್ಟು ಅರ್ಧ ಬೇಕೆಂಬುದನ್ನು ಲೆಕ್ಕ ಹಾಕಬಹುದು, ಹಾಕಬೇಕು. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮೀರಬಾರದು, ವಿಕಿರಣದ ಜೊತೆ ಕೆಲಸ ಮಾಡುವವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20, ಯಾವೊಂದು ವರ್ಷದಲ್ಲೂ 30 ಮೀರುವಂತಿಲ್ಲ ಎಂಬುದು ನಮ್ಮ ದೇಶದ ಮಿತಿ. ಮಣ್ಣು, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ತಾನಾಗಿ ಬರುವುದು ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4.

ಆ ಮಿತಿಯಿಂದ ಹಿಂದಕ್ಕೆ ಲೆಕ್ಕ ಹಾಕುವಾಗ ಮೂರು ಪ್ರಶ್ನೆ ಕೇಳಬೇಕು. ವಾರಕ್ಕೆ ಎಷ್ಟು ಎಕ್ಸ್‌ರೇ? ಅದರಲ್ಲಿ ಎಷ್ಟು ಪಾಲು ಈ ಗೋಡೆಯ ಕಡೆ ಮುಖ ಮಾಡುತ್ತದೆ? ಆಚೆ ಬದಿಯಲ್ಲಿ ಯಾರು, ಎಷ್ಟು ಹೊತ್ತು ಇರುತ್ತಾರೆ? ಅಮೆರಿಕದ ವಿಕಿರಣ ರಕ್ಷಣಾ ಮಂಡಳಿ ಎನ್‌ಸಿಆರ್‌ಪಿಯ 2004ರ ವರದಿಯಲ್ಲಿ ಕಚೇರಿಗೆ ಪೂರ್ತಿ ಒಂದು, ಓಡಾಡುವ ಮೊಗಸಾಲೆಗೆ ಐದರಲ್ಲೊಂದು, ಶೌಚಾಲಯಕ್ಕೆ ಇಪ್ಪತ್ತರಲ್ಲೊಂದು, ಮೆಟ್ಟಿಲಿಗೆ ನಲವತ್ತರಲ್ಲೊಂದು ಪಾಲು ಎಂದು ಲೆಕ್ಕ ಹಿಡಿಯುತ್ತಾರೆ. ದೂರವೂ ಒಂದು ಗೋಡೆಯೇ. ಒಂದು ಮೀಟರಿನಿಂದ ಎರಡಕ್ಕೆ ಸರಿದರೆ ಕಿರಣ ಕಾಲು ಭಾಗಕ್ಕಿಳಿಯುತ್ತದೆ. ಯಂತ್ರವನ್ನು ಬಿಲ್ಲಿಂಗ್ ಕೌಂಟರಿನ ಗೋಡೆಯಿಂದ ತಿರುಗಿಸಿ ಹೊರಗೋಡೆಯ ಕಡೆಗೆ ಮುಖ ಮಾಡಿಸುವುದಕ್ಕೆ ಖರ್ಚು ಏನೂ ಇಲ್ಲ. ನಕ್ಷೆ ಬರೆಯುವ ಹೊತ್ತಿನಲ್ಲಿ ಯೋಚಿಸಿದ್ದರೆ ಎಷ್ಟೋ ಕಡೆ ಸೀಸವೇ ಬೇಕಿರಲಿಲ್ಲ. ಬೇಡದ ಒಂದು ಮಿಲಿಮೀಟರ್ ಸೀಸ ಚದರ ಮೀಟರಿಗೆ 11 ಕಿಲೋ ಭಾರವನ್ನು ಬಾಡಿಗೆ ಕಟ್ಟಡದ ಸ್ಲ್ಯಾಬಿನ ಮೇಲೆ ಹೇರುತ್ತದೆ. ಸಣ್ಣ ಆಸ್ಪತ್ರೆಯವರು ಆ ದುಡ್ಡನ್ನು ಬಾಗಿಲಿಗೆ ಹಾಕಿದರೆ ಎಷ್ಟೋ ಮೇಲು.

ತಪ್ಪು ಕಲ್ಪನೆ: “ಎಂಆರ್‌ಐ ಕೋಣೆಗೂ ಸೀಸ ಬೇಕು.”

ವಾಸ್ತವ: ಬೇಡ. ಎಂಆರ್‌ಐ ಕೆಲಸ ಮಾಡುವುದು ಕಾಂತ ಮತ್ತು ರೇಡಿಯೋ ಅಲೆಗಳಿಂದ. ಆ ಕೋಣೆಗೆ ಸುತ್ತಲೂ ತಾಮ್ರದ ಹೊದಿಕೆ ಹಾಕುವುದು ಹೊರಗಿನ ರೇಡಿಯೋ ಗದ್ದಲ ಒಳಬಂದು ಚಿತ್ರ ಕೆಡಿಸದಿರಲಿ ಎಂದು. ಕೆಲವೆಡೆ ಕಾಂತಕ್ಷೇತ್ರ ಹೊರಗೆ ಹರಡದಂತೆ ಉಕ್ಕಿನ ಫಲಕಗಳನ್ನೂ ಸೇರಿಸುತ್ತಾರೆ. ಅಲ್ಟ್ರಾಸೌಂಡಿಗೆ ಯಾವ ಕವಚವೂ ಬೇಕಿಲ್ಲ. ಸಿಟಿ ಸ್ಕ್ಯಾನಿಗೆ ಬೇಕೇ ಬೇಕು. ಅದರ ನೇರ ಕಿರಣವನ್ನು ಯಂತ್ರದ ಉಂಗುರವೇ ತಡೆದುಕೊಂಡರೂ ದಿನಕ್ಕೆ ಹತ್ತಾರು ರೋಗಿಗಳಿಂದ ಚದುರುವ ಕಿರಣದ ಮೊತ್ತ ದೊಡ್ಡದು.

ತಪ್ಪು ಕಲ್ಪನೆ: “ಕ್ಯಾನ್ಸರ್ ಚಿಕಿತ್ಸೆಯ ಯಂತ್ರಕ್ಕೂ ಅದೇ ಸೀಸ, ಸ್ವಲ್ಪ ಹೆಚ್ಚು ಹಾಕಿದರಾಯಿತು.”

ವಾಸ್ತವ: ಲಿನಾಕ್ ಎನ್ನುವ ಯಂತ್ರದ ಕಿರಣ ಲಕ್ಷಗಳ ವೋಲ್ಟಿನಲ್ಲಿ ಹುಟ್ಟುತ್ತದೆ. 60 ಲಕ್ಷ ವೋಲ್ಟಿನ ಕಿರಣವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಲು ಮೊದಲ ಸುತ್ತಿಗೆ 37 ಸೆಂ.ಮೀ ಕಾಂಕ್ರೀಟು ಬೇಕು, ಆಮೇಲಿನ ಪ್ರತಿ ಸುತ್ತಿಗೂ 33 ಸೆಂ.ಮೀ. ಆರು ಸುತ್ತು ಇಳಿಸಬೇಕೆಂದರೆ ಗೋಡೆ ಎರಡು ಮೀಟರ್ ದಾಟುತ್ತದೆ. ಇದು ಕಿರಣ ನೇರ ಬೀಳುವ ಪಟ್ಟಿಯ ಮಾತು. ಉಳಿದ ಗೋಡೆಗೆ ಹೆಚ್ಚುಕಡಿಮೆ ಇದರ ಅರ್ಧ ಸಾಕಾಗುತ್ತದೆ. ದಪ್ಪ ಪಟ್ಟಿ ಎಲ್ಲಿಂದ ಎಲ್ಲಿಯವರೆಗೆ ಎಂಬುದಕ್ಕೂ ಲೆಕ್ಕವಿದೆ. ಯಂತ್ರದ ಅತಿ ದೊಡ್ಡ ಚೌಕ ಕಿರಣವನ್ನು ಮೂಲೆಯ ಮೇಲೆ ತಿರುಗಿಸಿದಾಗ ಗೋಡೆಯ ಮೇಲೆ ಎಷ್ಟು ಅಗಲ ಬೀಳುತ್ತದೋ ಅಷ್ಟು, ಅದರ ಎರಡೂ ಬದಿಗೆ 30 ಸೆಂ.ಮೀ.

ಯಂತ್ರದ ಶಕ್ತಿ ಒಂದು ಕೋಟಿ ವೋಲ್ಟು ದಾಟಿದರೆ ಹೊಸ ಅತಿಥಿ ಬರುತ್ತದೆ: ನ್ಯೂಟ್ರಾನ್. ಸೀಸದ ಎದುರು ನ್ಯೂಟ್ರಾನು ಅಡ್ಡಿಯಿಲ್ಲದಂತೆ ದಾಟಿಹೋಗುತ್ತದೆ. ಇನ್ನೂ ಹೆಚ್ಚಿನ ಸಂಗತಿಯೆಂದರೆ, ಅಷ್ಟು ಶಕ್ತಿಯ ಕಿರಣ ಬಿದ್ದಾಗ ಸೀಸವೇ ನ್ಯೂಟ್ರಾನು ಹುಟ್ಟಿಸುತ್ತದೆ. ನ್ಯೂಟ್ರಾನನ್ನು ನಿಧಾನಗೊಳಿಸುವುದು ಹಗುರವಾದ ಹೈಡ್ರೋಜನ್. ಗೋಲಿಗೆ ಅಷ್ಟೇ ತೂಕದ ಗೋಲಿ ಬಡಿದರೆ ಅದು ವೇಗ ಕಳೆದುಕೊಳ್ಳುತ್ತದೆ, ಬಂಡೆಗೆ ಬಡಿದರೆ ಅದೇ ವೇಗದಲ್ಲಿ ಪುಟಿಯುತ್ತದೆ. ಕಾಂಕ್ರೀಟಿನೊಳಗೆ ಬಂಧಿಯಾಗಿ ಉಳಿದ ನೀರಿನಲ್ಲಿ ಹೈಡ್ರೋಜನ್ ಇರುವುದರಿಂದ ಕಾಂಕ್ರೀಟು ಕಿರಣವನ್ನೂ ನ್ಯೂಟ್ರಾನನ್ನೂ ತಡೆಯುತ್ತದೆ. ಬಾಗಿಲಿಗೆ ಮಾತ್ರ ಬೋರಾನ್ ಬೆರೆಸಿದ ಪಾಲಿಥೀನ್ ಹಲಗೆಯನ್ನು ಸೀಸ, ಉಕ್ಕಿನ ನಡುವೆ ಇಡಬೇಕಾಗುತ್ತದೆ.

ಇಂಥ ದಪ್ಪಗೋಡೆಯ ಕೋಣೆಗೆ, ಅಂದರೆ ಬಂಕರಿಗೆ, ಕಾಂಕ್ರೀಟು ಸುರಿಯುವುದು ನನ್ನ ವೃತ್ತಿಯಲ್ಲಿ ನಾನು ಅತಿ ಹೆಚ್ಚು ಗೌರವದಿಂದ ಮಾಡುವ ಕೆಲಸ. ಸಾಮಾನ್ಯ ಕಟ್ಟಡದಲ್ಲಿ ಕಾಂಕ್ರೀಟಿನ ಬಲ ನೋಡುತ್ತೇವೆ. ಇಲ್ಲಿ ಅದರ ಜೊತೆ ತೂಕವನ್ನೂ ನೋಡಬೇಕು. ಲೆಕ್ಕದಲ್ಲಿ ಘನ ಮೀಟರಿಗೆ 2350 ಕಿಲೋ ಎಂದು ಹಿಡಿದಿದ್ದರೆ ಪರೀಕ್ಷೆಯ ಕ್ಯೂಬುಗಳೂ ಅಷ್ಟು ತೂಗಬೇಕು. ವೈಬ್ರೇಟರ್ ಸರಿಯಾಗಿ ಆಡದೆ ಜಲ್ಲಿಯ ನಡುವೆ ಪೊಳ್ಳು ಉಳಿದರೆ ಅದನ್ನು ಮೇಲಿಂದ ಗಾರೆ ಬಳಿದು ಮುಚ್ಚುವುದು ಮೋಸ. ಬಹಳ ದಪ್ಪದ ಕಾಂಕ್ರೀಟು ಒಳಗೆ ಬಿಸಿಯೇರಿ ಬಿರುಕು ಬಿಡುತ್ತದೆ, ಆದ್ದರಿಂದ ಮಿಶ್ರಣ ಮತ್ತು ಕ್ಯೂರಿಂಗ್ ಎರಡಕ್ಕೂ ಮೊದಲೇ ಯೋಜನೆ ಬೇಕು. ಒಂದೇ ದಿನ ಸುರಿದು ಮುಗಿಸಲಾಗದೆ ನಡುವೆ ನಿಲ್ಲಿಸಬೇಕಾಗಿ ಬಂದರೆ ಜೋಡಣೆ ನೇರಗೆರೆಯಾಗಿರದೆ ಮೆಟ್ಟಿಲಿನಂತೆ ತಿರುಗಿರಬೇಕು. ವೈರು, ಪೈಪು ಹಾಯಿಸುವ ಕೊಳವೆಗಳೂ ಓರೆಯಾಗಿ ಸಾಗಬೇಕು. ಸೆಂಟ್ರಿಂಗ್ ಹಲಗೆ ಬಿಗಿಯಲು ಗೋಡೆಯ ಅಡ್ಡಕ್ಕೆ ತೂರಿಸಿದ ಪ್ಲಾಸ್ಟಿಕ್ ಪೈಪನ್ನು ಹಾಗೇ ಬಿಟ್ಟರೆ ಎರಡು ಮೀಟರ್ ಗೋಡೆಗೆ ಬಂದೂಕಿನ ನಳಿಗೆ ಇಟ್ಟಂತೆ.

ತಪ್ಪು ಕಲ್ಪನೆ: “ಮೇಲಿನ ಮಹಡಿಯಲ್ಲಿ ಯಾರೂ ಇಲ್ಲ, ಛಾವಣಿಗೆ ಏನೂ ಬೇಡ.”

ವಾಸ್ತವ: ಸಾಮಾನ್ಯ ಎಕ್ಸ್‌ರೇ ಕೋಣೆಗೆ ಈ ಮಾತು ಬಹುತೇಕ ಸರಿ. ಕಾರ್ಖಾನೆಯ ರೇಡಿಯೋಗ್ರಫಿ ಆವರಣಕ್ಕೂ ಲಿನಾಕಿಗೂ ಸರಿಯಲ್ಲ. ತೆರೆದ ಆಕಾಶಕ್ಕೆ ಹೋದ ಕಿರಣ ಗಾಳಿಗೆ ತಾಗಿ ಚದುರಿ, ಗೋಡೆಯ ಆಚೆ ನಿಂತವರ ಮೇಲೆ ಮತ್ತೆ ಇಳಿಯುತ್ತದೆ. ಗೋಡೆಗೆ ಮೈ ಒತ್ತಿ ನಿಂತವನಿಗಿಂತ ಕೆಲವು ಮೀಟರ್ ಹಿಂದೆ ನಿಂತವನಿಗೆ ಹೆಚ್ಚು ಬೀಳುವುದೂ ಉಂಟು. ನೆಲದ ವಿಷಯದಲ್ಲಿ ತಪ್ಪು ತಿರುವುಮುರುವಾಗಿದೆ. ನೆಲಮಹಡಿಯ ಕೋಣೆಯ ಕೆಳಗೆ ಮಣ್ಣು ಮಾತ್ರ ಇದ್ದರೆ ಯಾವ ಕವಚವೂ ಬೇಡ. ವಾಣಿಜ್ಯ ಸಂಕೀರ್ಣದ ಮೊದಲ ಮಹಡಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಮಲಗಿಸಿ ತೆಗೆಯುವ ಎಕ್ಸ್‌ರೇಗಳೆಲ್ಲ ನೆಲಕ್ಕೇ ಮುಖ ಮಾಡಿರುತ್ತವೆ. ಐದಿಂಚಿನ ಸ್ಲ್ಯಾಬು ಬಹಳಷ್ಟು ತಡೆಯುತ್ತದೆ, ಆದರೂ ಕೆಳಗಿನ ಅಂಗಡಿಯನ್ನು ಲೆಕ್ಕದಲ್ಲಿ ಬರೆಯದೆ ಬಿಡುವಂತಿಲ್ಲ.

ಆಹಾರ, ಮಸಾಲೆ, ಆಸ್ಪತ್ರೆಯ ಸಾಮಗ್ರಿಗಳನ್ನು ಗಾಮಾ ಕಿರಣಕ್ಕೆ ಒಡ್ಡುವ ಘಟಕಗಳಲ್ಲಿ ನೆಲದೊಳಗಿನ ನೀರೂ ಕವಚ. ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಅಂಥದ್ದೊಂದಿದೆ. ಇಂಥ ಘಟಕಗಳಲ್ಲಿ ಕೆಲಸವಿಲ್ಲದಾಗ ಕೋಬಾಲ್ಟನ್ನು ಸುಮಾರು ಆರು ಮೀಟರ್ ಆಳದ ನೀರಿನ ಕೊಳಕ್ಕೆ ಇಳಿಸಿಡುತ್ತಾರೆ. ದಡದಲ್ಲಿ ನಿಂತು ಬಗ್ಗಿ ನೋಡಬಹುದು. ತಿಳಿನೀರಿನ ತಳದಲ್ಲಿ ನೀಲಿ ಬೆಳಕು ಕಾಣುತ್ತದೆ.

ತಪ್ಪು ಕಲ್ಪನೆ: “ವಿಕಿರಣ ತಡೆಯುವ ಸೀಸದಿಂದ ಯಾರಿಗೇನು ತೊಂದರೆ?”

ವಾಸ್ತವ: ಕೋಣೆ ಬಳಸುವವರಿಗೆ ತೊಂದರೆ ಇಲ್ಲ, ಹಾಕುವವರಿಗೆ ಇದೆ. ಸೀಸ ವಿಷ. ಅದನ್ನು ಗರಗಸದಿಂದ ಕೊಯ್ದರೆ, ಉಜ್ಜಿದರೆ, ಬೆಂಕಿ ತಾಗಿಸಿದರೆ ಧೂಳೂ ಹೊಗೆಯೂ ಮೈ ಸೇರುತ್ತವೆ. ತಗಡು ಎತ್ತಿದ ಕೈಯಲ್ಲೇ ಬೀಡಿ ಹಚ್ಚುವ, ಅದೇ ಕೈಯಲ್ಲಿ ಊಟದ ಡಬ್ಬಿ ಬಿಚ್ಚುವ ಹುಡುಗರನ್ನು ನೋಡಿದ್ದೇನೆ. ಆ ಬಟ್ಟೆಯಲ್ಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಂಡರೆ ಸೀಸ ಮಗುವಿಗೂ ತಲುಪುತ್ತದೆ. ಮಕ್ಕಳ ಮೆದುಳಿಗೆ ಅದು ಮಾಡುವ ಹಾನಿ ಮತ್ತೆ ಸರಿಹೋಗುವುದಿಲ್ಲ. ಚಾಕುವಿನಿಂದ ಗೀರಿ ಮಡಿಸಿ ಮುರಿಯಬೇಕು, ಕೈಗವಸು ಬೇಕು, ಊಟಕ್ಕೆ ಮುನ್ನ ಸೋಪು ಹಾಕಿ ಕೈ ತೊಳೆಯಲು ನೀರಿರಬೇಕು, ಕೆಲಸ ಮುಗಿದ ಮೇಲೆ ತಗಡು ಬರಿದಾಗಿ ಕಾಣದಂತೆ ಮುಚ್ಚಬೇಕು. ಇದಕ್ಕೆ ತಗಲುವ ಖರ್ಚು ಒಂದು ತಗಡಿನ ಬೆಲೆಯೂ ಆಗದು.

ಬೇರೈಟ್ ಗಾರೆ ಒಂದು ಒಳ್ಳೆಯ ಬದಲಿ. ಬೇರೈಟ್ ಎಂದರೆ ಬೇರಿಯಂ ಸಲ್ಫೇಟ್, ಹೊಟ್ಟೆಯ ಎಕ್ಸ್‌ರೇಗೆ ಮುನ್ನ ರೋಗಿಗೆ ಕುಡಿಸುವ ಬಿಳಿ ಬೇರಿಯಂ ದ್ರವದಲ್ಲಿರುವುದೂ ಅದೇ. ನೀರಿನಲ್ಲಿ ಕರಗದ್ದರಿಂದ ಮೈಗೆ ಹತ್ತುವುದಿಲ್ಲ. ಎಕ್ಸ್‌ರೇಯನ್ನು ಹೊಟ್ಟೆಯೊಳಗೆ ಹೇಗೆ ತಡೆಯುತ್ತದೋ ಗೋಡೆಯ ಮೇಲೂ ಹಾಗೇ ತಡೆಯುತ್ತದೆ. ಜಗತ್ತಿನ ದೊಡ್ಡ ಬೇರೈಟ್ ನಿಕ್ಷೇಪಗಳಲ್ಲಿ ಒಂದು ನಮ್ಮ ನೆರೆಯ ಆಂಧ್ರದ ಮಂಗಂಪೇಟೆಯಲ್ಲಿದೆ. ಭಾರದ ಗಾರೆಯಾದ್ದರಿಂದ ಒಂದೇ ಸಲ ದಪ್ಪಗೆ ಬಳಿದರೆ ಕಳಚಿ ಬೀಳುತ್ತದೆ, ತೆಳುವಾಗಿ ಪದರ ಪದರವಾಗಿ ಏರಿಸಬೇಕು. ಮೇಸ್ತ್ರಿಗೆ ತಾಳ್ಮೆ ಇರಬೇಕು, ಕಂಟ್ರಾಕ್ಟರಿಗೆ ಮೇಸ್ತ್ರಿಗಿಂತ ಹೆಚ್ಚು.

ತಪ್ಪು ಕಲ್ಪನೆ: “ಹಳೆಯ ಯಂತ್ರ, ಹಳೆಯ ಸೀಸ, ಎಲ್ಲ ಗುಜರಿಗೆ ಹಾಕಿದರಾಯಿತು.”

ವಾಸ್ತವ: ಎಕ್ಸ್‌ರೇ ಕೋಣೆಯ ಗೋಡೆಯಿಂದ ಕಿತ್ತ ತಗಡು ಬರೀ ಸೀಸ, ಕರಗಿಸಿ ಮತ್ತೆ ಬಳಸಬಹುದು. ವಿಕಿರಣ ಮೂಲವನ್ನು ಹೊತ್ತ ಸೀಸದ ಡಬ್ಬಿಯದು ಬೇರೆಯೇ ಮಾತು. 1987ರಲ್ಲಿ ಬ್ರೆಜಿಲಿನ ಗೊಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾಲಯದಿಂದ ಲೋಹದ ಆಸೆಗೆ ಯಂತ್ರದ ಭಾಗ ಕದ್ದವರು ಅದರೊಳಗಿನ ಸೀಸಿಯಂ-137 ಅನ್ನು ಬಿಚ್ಚಿದರು. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿ ಕೈಯಿಂದ ಕೈಗೆ ನೆಂಟರಿಷ್ಟರಿಗೆಲ್ಲ ಹಂಚಿಹೋಯಿತು. ನಾಲ್ವರು ಸತ್ತರು, ಲಕ್ಷಕ್ಕೂ ಮೀರಿ ಜನರನ್ನು ಪರೀಕ್ಷಿಸಬೇಕಾಯಿತು. ಇಪ್ಪತ್ಮೂರು ವರ್ಷಗಳ ಮೇಲೆ, 2010ರಲ್ಲಿ, ದೆಹಲಿಯ ಮಾಯಾಪುರಿಯಲ್ಲಿ ಅಂಥದ್ದೇ ನಡೆಯಿತು. ವಿಶ್ವವಿದ್ಯಾಲಯವೊಂದರ ರಸಾಯನ ವಿಭಾಗದಲ್ಲಿ ಬಹುಕಾಲ ಬಳಸದೆ ಬಿದ್ದಿದ್ದ ಗಾಮಾ ಉಪಕರಣ ಹರಾಜಾಗಿ ಗುಜರಿ ಬಜಾರಿಗೆ ಬಂತು. ಸೀಸಕ್ಕೆ ಬೆಲೆ ಬರುತ್ತದೆಂದು ಕೆಲಸಗಾರರು ಕವಚ ಬಿಚ್ಚಿದರು. ಒಳಗಿದ್ದದ್ದು ಕೋಬಾಲ್ಟ್-60. ಒಬ್ಬ ಸತ್ತ, ಹಲವರು ಆಸ್ಪತ್ರೆ ಸೇರಿದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಆ ಸಾವನ್ನು ನೆನೆದಾಗ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ತಪ್ಪು ಕಲ್ಪನೆ: “ಒಮ್ಮೆ ಕಟ್ಟಿ ಪರವಾನಗಿ ಬಂದ ಮೇಲೆ ಮುಗಿಯಿತು.”

ವಾಸ್ತವ: ಗೋಡೆ ಹಾಗೇ ಇದ್ದರೂ ಅದರ ಸುತ್ತಲಿನ ಬದುಕು ಬದಲಾಗುತ್ತದೆ. ಹಳೆಯ ಎಕ್ಸ್‌ರೇ ಹೋಗಿ ಸಿಟಿ ಬರುತ್ತದೆ. ಪಕ್ಕದ ಉಗ್ರಾಣ ಒಪಿಡಿಯಾಗುತ್ತದೆ. ಲೆಕ್ಕದಲ್ಲಿ ಇಪ್ಪತ್ತರಲ್ಲೊಂದು ಪಾಲು ಎಂದು ಬರೆದಿದ್ದ ಶೌಚಾಲಯ ಒಡೆದು ಅಲ್ಲಿ ಒಬ್ಬರಿಗೆ ಕುರ್ಚಿ ಮೇಜು ಹಾಕುತ್ತಾರೆ. ಇಂಥ ಪ್ರತಿ ಬದಲಾವಣೆಗೂ ಲೆಕ್ಕ ಮತ್ತೆ ಹಾಕಬೇಕು, ಸರ್ವೆ ಮೀಟರ್ ಹಿಡಿದು ಗೋಡೆಯ ಉದ್ದಕ್ಕೂ, ಬಾಗಿಲಿನ ನಾಲ್ಕೂ ಅಂಚಿಗೂ, ಕಿಟಕಿಯ ಚೌಕಟ್ಟಿಗೂ ಮತ್ತೆ ಅಳೆಯಬೇಕು.

ಒಂದು ಜಿಲ್ಲಾ ಕೇಂದ್ರದ ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ಕಟ್ಟಿಸಿದ ಗೋಡೆ ಚೆನ್ನಾಗಿತ್ತು, ಅಳತೆಯಲ್ಲೂ ಸರಿ ಬಂದಿತ್ತು. ಎರಡು ಬೇಸಿಗೆ ಕಳೆದ ಮೇಲೆ ಬೇರೆ ಕೆಲಸಕ್ಕೆ ಹೋದಾಗ ಎದೆಯ ಎಕ್ಸ್‌ರೇ ತೆಗೆಯುವ ಸ್ಟ್ಯಾಂಡಿನ ಹಿಂದೆ, ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಮೂರಿಂಚಿನ ತೂತು ಕಂಡಿತು. ಎಸಿಯ ತಾಮ್ರದ ಪೈಪು ಹಾಯಿಸಲು ಕೊರೆದದ್ದು. ಆಚೆ ಬದಿಯಲ್ಲಿ ಕಾಯುವವರ ಬೆಂಚು. ಎಸಿ ಕೂರಿಸಿದ ಹುಡುಗನನ್ನು ಕರೆಸಿ ಕೇಳಿದೆ. “ಅಣ್ಣ, ಎಲ್ಲ ಗೋಡೆ ಥರನೇ ಇತ್ತು. ಯಾರೂ ಹೇಳ್ಲಿಲ್ಲ” ಎಂದ. ಅವನು ಹೇಳಿದ್ದು ನಿಜ. ಗೋಡೆಯೊಳಗೆ ಏನಿದೆಯೆಂದು ತೋರಿಸುವ ಒಂದು ಕಾಗದವೂ ಆ ಕಟ್ಟಡದಲ್ಲಿ ಇರಲಿಲ್ಲ. ನಕ್ಷೆ ನನ್ನ ಕಚೇರಿಯ ಕಪಾಟಿನಲ್ಲಿತ್ತು. ಅಂದೇ ಬೆಂಚು ಸರಿಸಿ, ಪೈಪನ್ನು ಎರಡು ಮೀಟರಿಗಿಂತ ಮೇಲಕ್ಕೆ ಬದಲಾಯಿಸಿ, ತೂತಿಗೆ ಕಾಂಕ್ರೀಟು ಗಿಡಿದು, ಎರಡೂ ಬದಿ ಸೀಸ ಹೊದಿಸಿ ಮತ್ತೆ ಅಳೆಸಿದೆವು.

ಆಮೇಲೆ ನಾನು ಕಟ್ಟಿಸಿದ ಪ್ರತಿ ಕೋಣೆಯ ಬಾಗಿಲ ಪಕ್ಕ ಒಂದು ಸ್ಟೀಲಿನ ಫಲಕ ಹೊಡೆಸುತ್ತೇನೆ. ಗೋಡೆ ಯಾವುದರದ್ದು, ಎಷ್ಟು ದಪ್ಪ, ಸೀಸ ಎಲ್ಲಿಂದ ಎಲ್ಲಿಯವರೆಗೆ, ಎಂದು ಅಳೆದದ್ದು, ತೂತು ಕೊರೆಯುವ ಮುನ್ನ ಯಾರನ್ನು ಕೇಳಬೇಕು, ಇಷ್ಟೂ ಅದರಲ್ಲಿರುತ್ತದೆ. ಡ್ರಿಲ್ಲು ಹಿಡಿದು ಬರುವ ಹುಡುಗನ ಕಣ್ಣಿನ ಎತ್ತರಕ್ಕೆ ಅದನ್ನು ಕೂರಿಸುತ್ತೇನೆ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ.